ಗೇಟು ತೆರೆದರೆ ಸಾಲದು: ಇಂಗ್ಲೆಂಡಿನ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗಳಿಗೆ ಕುಟುಂಬಗಳು ಮರಳಿದ ಬಗೆ

ಶಾಲೆ ಮುಚ್ಚಲು ಒಂದು ಸರ್ಕಾರಿ ಆದೇಶ ಸಾಕು. ಮತ್ತೆ ತೆರೆಯಲು ಆದೇಶದ ಜೊತೆಗೆ ಪೋಷಕರ ವಿಶ್ವಾಸವೂ ಬೇಕು. 2020ರಲ್ಲಿ ಆರಂಭವಾದ ಕೊರೊನಾ ಸಾಂಕ್ರಾಮಿಕ ಬಹುತೇಕ ಎಲ್ಲ ದೇಶಗಳಿಗೂ ಕಲಿಸಿದ ಪಾಠವಿದು. ಇಂಗ್ಲೆಂಡಿನ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗಳಿಗೆ ಈ ಪಾಠ ಇನ್ನಷ್ಟು ಕಠಿಣವಾಗಿತ್ತು. ಮನೆ, ಶಾಲೆ ಮತ್ತು ಚರ್ಚ್ ಈ ಮೂರೂ ಸೇರಿ ಮಗುವನ್ನು ಬೆಳೆಸಬೇಕೆಂಬುದು ಆ ಶಾಲೆಗಳ ಮೂಲ ನಂಬಿಕೆ. 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಶಾಲೆ ಮತ್ತು ಚರ್ಚ್ ಎರಡೂ ಮುಚ್ಚಿದವು. ಉಳಿದದ್ದು ಮನೆ ಮಾತ್ರ.

ತಿಂಗಳುಗಳ ನಂತರ ಗೇಟು ತೆರೆದಾಗ ಶಾಲೆಗೆ ಮರಳಬೇಕಾದವರು ಮಕ್ಕಳಷ್ಟೇ ಅಲ್ಲ, ಇಡೀ ಕುಟುಂಬಗಳು. ಆದರೆ ಸೋಂಕು ತಡೆಯ ನಿಯಮಗಳು ತಂದೆತಾಯಿಯರನ್ನು ಗೇಟಿನ ಹೊರಗೇ ನಿಲ್ಲಿಸಿದವು. ಒಳಗೆ ಕರೆಯಲಾಗದವರನ್ನು ಸ್ವಾಗತಿಸುವುದು ಹೇಗೆ? ಈ ಶಾಲೆಗಳು ಎದುರಿಸಿದ ನಿಜವಾದ ಪ್ರಶ್ನೆ ಇದು. ಕೇರಳದಿಂದಲೂ ನಮ್ಮ ಕರಾವಳಿಯಿಂದಲೂ ಅಲ್ಲಿಗೆ ಹೋಗಿ ನೆಲೆಸಿದ ಅನೇಕ ನರ್ಸ್‌ಗಳ ಮಕ್ಕಳು ಇಂತಹ ಶಾಲೆಗಳಲ್ಲಿ ಓದುತ್ತಿರುವುದರಿಂದ ಕನ್ನಡಿಗರಿಗೂ ಇದು ತೀರ ದೂರದ ಸಂಗತಿಯಲ್ಲ.

ಈ ಶಾಲೆಗಳ ಹಿನ್ನೆಲೆ

ಭಾರತದಲ್ಲಿ ‘ಕಾನ್ವೆಂಟ್’ ಎಂದಾಕ್ಷಣ ಶುಲ್ಕ ಪಡೆಯುವ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆ ಕಣ್ಣಮುಂದೆ ಬರುತ್ತದೆ. ಇಂಗ್ಲೆಂಡಿನ ಚಿತ್ರ ಬೇರೆ. ಅಲ್ಲಿನ ಬಹುಪಾಲು ಕ್ಯಾಥೊಲಿಕ್ ಶಾಲೆಗಳು ಸರ್ಕಾರದ ಹಣದಿಂದ ನಡೆಯುತ್ತವೆ. ಮಕ್ಕಳಿಂದ ಶುಲ್ಕ ಪಡೆಯುವುದಿಲ್ಲ. ದೇಶದಲ್ಲಿ ಸರ್ಕಾರಿ ಅನುದಾನದಿಂದ ನಡೆಯುವ ಶಾಲೆಗಳ ಪೈಕಿ ಸುಮಾರು ಹತ್ತರಲ್ಲಿ ಒಂದು ಕ್ಯಾಥೊಲಿಕ್ ಶಾಲೆ. ಅವುಗಳಲ್ಲಿ ಹೆಚ್ಚಿನವು ಪ್ರಾಥಮಿಕ ಶಾಲೆಗಳು.

ಇವುಗಳ ಹುಟ್ಟು ಬಡತನದ ಜೊತೆಗೆ ಬೆಸೆದುಕೊಂಡಿದೆ. 1845ರ ನಂತರದ ಭೀಕರ ಆಲೂಗಡ್ಡೆ ಕ್ಷಾಮದಿಂದ ಕಂಗೆಟ್ಟ ಐರಿಷ್ ಕುಟುಂಬಗಳು ಲಿವರ್‌ಪೂಲ್, ಮ್ಯಾಂಚೆಸ್ಟರ್, ಲಂಡನ್ ನಗರಗಳಿಗೆ ವಲಸೆ ಬಂದವು. ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಆಡಳಿತ ವ್ಯವಸ್ಥೆ ಮರಳಿ ಸ್ಥಾಪನೆಯಾದದ್ದು 1850ರಲ್ಲಿ. ಎರಡು ವರ್ಷಗಳ ನಂತರ ನಡೆದ ಸಭೆಯಲ್ಲಿ ಧರ್ಮಾಧ್ಯಕ್ಷರು ಚರ್ಚ್ ಕಟ್ಟುವುದಕ್ಕಿಂತ ಮೊದಲು ಶಾಲೆ ಕಟ್ಟಬೇಕೆಂಬ ನಿಲುವು ತಳೆದರು. ಕೂಲಿಕಾರರ ಬೀದಿಗಳಲ್ಲಿ ಶಾಲೆಗಳು ಎದ್ದವು. ಎಷ್ಟೋ ಕಡೆ ಭಾನುವಾರದ ಬಲಿಪೂಜೆಯೂ ಶಾಲೆಯ ಕೊಠಡಿಯಲ್ಲೇ ನಡೆಯುತ್ತಿತ್ತು.

1944ರ ಶಿಕ್ಷಣ ಕಾಯ್ದೆ ಇಂತಹ ಶಾಲೆಗಳನ್ನು ಸರ್ಕಾರಿ ವ್ಯವಸ್ಥೆಯೊಳಗೆ ತಂದಿತು. ಈಗ ಈ ಬಗೆಯ ಶಾಲೆಗಳಲ್ಲಿ ವೇತನ ಮತ್ತು ದೈನಂದಿನ ಖರ್ಚು ಸರ್ಕಾರದ್ದು. ಕಟ್ಟಡ ಕಾಮಗಾರಿಯ ಸಾಮಾನ್ಯವಾಗಿ ಶೇ 10ರಷ್ಟು ವೆಚ್ಚವನ್ನು ಆಡಳಿತ ಮಂಡಳಿ ಭರಿಸಬೇಕು. ಅದಕ್ಕೆ ಪ್ರತಿಯಾಗಿ ಧಾರ್ಮಿಕ ಶಿಕ್ಷಣ ಮತ್ತು ಪ್ರವೇಶ ನೀತಿಯಲ್ಲಿ ಧರ್ಮಪ್ರಾಂತ್ಯಕ್ಕೆ ಅಧಿಕಾರವಿದೆ. ಸೀಟುಗಳಿಗಿಂತ ಅರ್ಜಿಗಳು ಹೆಚ್ಚಿದ್ದರೆ ದೀಕ್ಷಾಸ್ನಾನ ಪಡೆದ ಕ್ಯಾಥೊಲಿಕ್ ಮಕ್ಕಳಿಗೆ ಆದ್ಯತೆ ದೊರೆಯುತ್ತದೆ. ಹಾಗೆಂದು ಒಳಗಿರುವವರೆಲ್ಲ ಕ್ಯಾಥೊಲಿಕರೇನೂ ಅಲ್ಲ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಇತರ ಧರ್ಮಗಳಿಗೆ ಸೇರಿದವರು ಅಥವಾ ಯಾವ ಧರ್ಮಕ್ಕೂ ಸೇರದವರು. ಐರಿಷರ ನಂತರ ಪೋಲೆಂಡ್, ಆಫ್ರಿಕಾ, ಫಿಲಿಪ್ಪೀನ್ಸ್, ಭಾರತದಿಂದ ಬಂದ ವಲಸಿಗರ ಮಕ್ಕಳು ಈ ಬೆಂಚುಗಳಲ್ಲಿ ಕುಳಿತರು.

ಮಗುವಿನ ಮೊದಲ ಹಾಗೂ ಪ್ರಧಾನ ಶಿಕ್ಷಕರು ತಂದೆತಾಯಿಗಳೇ ಎಂಬುದು ಚರ್ಚ್‌ನ ಅಧಿಕೃತ ಬೋಧನೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಶಿಕ್ಷಣ ಕುರಿತ ಘೋಷಣೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದಲೇ ಈ ಶಾಲೆಗಳಲ್ಲಿ ಪೋಷಕರ ಸ್ಥಾನ ವಾರ್ಷಿಕೋತ್ಸವಕ್ಕೆ ಬಂದು ಹೋಗುವ ಅತಿಥಿಯದ್ದಲ್ಲ. ತರಗತಿಯ ಪ್ರಾರ್ಥನೆ, ಶಾಲೆಯ ಬಲಿಪೂಜೆ, ಮಗುವಿನ ಪ್ರಥಮ ಪರಮಪ್ರಸಾದದ ಸಿದ್ಧತೆ ಎಲ್ಲದರಲ್ಲೂ ಅವರು ಪಾಲುದಾರರು. ಸಾಂಕ್ರಾಮಿಕ ಕಡಿದುಹಾಕಿದ್ದು ಈ ಪಾಲುದಾರಿಕೆಯನ್ನೇ.

ಮುಚ್ಚಿದ್ದು ಯಾವಾಗ, ತೆರೆದದ್ದು ಯಾರಿಗೆ?

ಇಂಗ್ಲೆಂಡಿನ ಶಾಲೆಗಳು 2020ರ ಮಾರ್ಚ್ 20ರ ಶುಕ್ರವಾರ ಸಂಜೆ ಬಾಗಿಲು ಹಾಕಿದವು. ಆದರೆ ಪೂರ್ತಿಯಾಗಿ ಅಲ್ಲ. ಆಸ್ಪತ್ರೆ, ಪೊಲೀಸ್, ಆಹಾರ ಪೂರೈಕೆ ಮುಂತಾದ ಅಗತ್ಯ ಸೇವೆಗಳಲ್ಲಿದ್ದವರ ಮಕ್ಕಳಿಗೂ ಸಮಾಜ ಕಲ್ಯಾಣ ಸಿಬ್ಬಂದಿಯ ನಿಗಾದಲ್ಲಿದ್ದ ದುರ್ಬಲ ಸ್ಥಿತಿಯ ಮಕ್ಕಳಿಗೂ ಶಾಲೆ ತೆರೆದೇ ಇತ್ತು. ಮುನ್ನೂರು ಮಕ್ಕಳಿದ್ದ ಕಡೆ ಬೆರಳೆಣಿಕೆಯಷ್ಟು ಮಕ್ಕಳು, ಸರದಿಯ ಮೇಲೆ ಬರುವ ಒಬ್ಬಿಬ್ಬರು ಶಿಕ್ಷಕರು. ಇಂತಹ ಚಿತ್ರ ಅನೇಕ ಕಡೆ ಕಂಡುಬಂತು.

ಅದೇ ವರ್ಷದ ಮೇ 10ರಂದು ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಜೂನ್ 1ರಿಂದ ಪ್ರಾಥಮಿಕ ಶಾಲೆಗಳನ್ನು ಹಂತಹಂತವಾಗಿ ತೆರೆಯುವ ಯೋಜನೆ ಪ್ರಕಟಿಸಿದರು. ಮೊದಲ ಹಂತದಲ್ಲಿ ನರ್ಸರಿ, ನಾಲ್ಕೈದು ವರ್ಷದವರ ‘ರಿಸೆಪ್ಷನ್’, ಒಂದನೇ ವರ್ಷ ಮತ್ತು ಪ್ರಾಥಮಿಕ ಶಾಲೆಯ ಕೊನೆಯದಾದ ಆರನೇ ವರ್ಷದ ಮಕ್ಕಳಿಗೆ ಅವಕಾಶ. ಒಂದು ಗುಂಪಿನಲ್ಲಿ 15 ಮಕ್ಕಳನ್ನು ಮೀರುವಂತಿರಲಿಲ್ಲ. ಶಿಕ್ಷಕರ ಸಂಘಟನೆಗಳು ಇದು ಆತುರದ ನಿರ್ಧಾರವೆಂದು ವಿರೋಧಿಸಿದವು. ಲಿವರ್‌ಪೂಲ್ ಸೇರಿದಂತೆ ಉತ್ತರದ ಕೆಲವು ನಗರಾಡಳಿತಗಳು ಜೂನ್ 1ರ ದಿನಾಂಕವನ್ನು ಒಪ್ಪಲಿಲ್ಲ. ಬೇಸಿಗೆ ರಜೆಗೆ ಮುನ್ನ ಎಲ್ಲ ಪ್ರಾಥಮಿಕ ತರಗತಿಗಳನ್ನೂ ಕರೆಸಿಕೊಳ್ಳುವ ಆಲೋಚನೆಯನ್ನು ಜೂನ್ 9ರಂದು ಸರ್ಕಾರವೇ ಕೈಬಿಟ್ಟಿತು.

ಎಲ್ಲ ಮಕ್ಕಳೂ ಮರಳಿದ್ದು ಸೆಪ್ಟೆಂಬರ್‌ನಲ್ಲಿ. ಅಲ್ಲಿಯವರೆಗೆ ಮಗುವನ್ನು ಕಳುಹಿಸದಿದ್ದರೆ ದಂಡವಿರಲಿಲ್ಲ. ಸೆಪ್ಟೆಂಬರ್‌ನಿಂದ ಹಾಜರಾತಿ ಮತ್ತೆ ಕಡ್ಡಾಯವಾಯಿತು. ಅದೂ ಹೆಚ್ಚು ಕಾಲ ನಿಲ್ಲಲಿಲ್ಲ. 2021ರ ಜನವರಿ 4ರಂದು ಕ್ರಿಸ್‌ಮಸ್ ರಜೆ ಮುಗಿಸಿ ಅನೇಕ ಪ್ರಾಥಮಿಕ ಶಾಲೆಗಳು ತೆರೆದವು; ಅದೇ ರಾತ್ರಿ ಪ್ರಧಾನಿ ಮತ್ತೊಂದು ಲಾಕ್‌ಡೌನ್ ಘೋಷಿಸಿದರು. ಒಂದೇ ದಿನದ ಶಾಲೆಯ ನಂತರ ಮಕ್ಕಳು ಮನೆ ಸೇರಿದರು. ಎರಡನೇ ಬಾರಿ ಗೇಟು ತೆರೆದದ್ದು ಮಾರ್ಚ್ 8ರಂದು.

ಹೊಣೆ ಹೊತ್ತವರು ಯಾರು?

ದಿನಾಂಕ ಗೊತ್ತುಮಾಡಿದ್ದು ಸರ್ಕಾರ. ಆದರೆ ಕಾನೂನಿನ ಹೊಣೆ ಬಿದ್ದದ್ದು ಬೇರೆಯವರ ಹೆಗಲಿಗೆ. ಅನುದಾನಿತ ಕ್ಯಾಥೊಲಿಕ್ ಶಾಲೆಯಲ್ಲಿ ಸಿಬ್ಬಂದಿಯ ಉದ್ಯೋಗದಾತ ಆಡಳಿತ ಮಂಡಳಿಯೇ. ಹೀಗಾಗಿ ಆರೋಗ್ಯ ಮತ್ತು ಸುರಕ್ಷತೆಯ ಜವಾಬ್ದಾರಿಯೂ ಅದರದ್ದು. ಈ ಮಂಡಳಿಯ ಸದಸ್ಯರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಅವರಲ್ಲಿ ಬಹುಮತ ಧರ್ಮಾಧ್ಯಕ್ಷರು ನೇಮಿಸಿದವರದ್ದು. ನಿವೃತ್ತ ಲೆಕ್ಕಿಗ, ಬ್ಯಾಂಕ್ ನೌಕರ, ಗೃಹಿಣಿ, ಸ್ಥಳೀಯ ಧರ್ಮಗುರು ಹೀಗೆ ಯಾರೂ ಅಲ್ಲಿರಬಹುದು.

ಇವರು ಮುಖ್ಯಶಿಕ್ಷಕರೊಂದಿಗೆ ಕುಳಿತು ಕೊಠಡಿಗಳ ಅಳತೆ, ಕಿಟಕಿಗಳ ಸಂಖ್ಯೆ, ಕೈತೊಳೆಯುವ ನಲ್ಲಿಗಳು, ಮನೆಯಿಂದ ಹೊರಬರಲಾಗದ ಅನಾರೋಗ್ಯಪೀಡಿತ ಶಿಕ್ಷಕರ ಪಟ್ಟಿ ಎಲ್ಲವನ್ನೂ ಇಟ್ಟುಕೊಂಡು ಅಪಾಯದ ಅಂದಾಜು ಮಾಡಬೇಕಾಯಿತು. ವಿಕ್ಟೋರಿಯಾ ರಾಣಿಯ ಕಾಲದ ಕಿರಿದಾದ ಕಟ್ಟಡಗಳಲ್ಲಿ ನಡೆಯುವ ಶಾಲೆಗಳಿಗೆ ಇದು ಸುಲಭವಿರಲಿಲ್ಲ. ಸರ್ಕಾರದ ಮಾರ್ಗಸೂಚಿಗಳು ಮೇಲಿಂದ ಮೇಲೆ ತಿದ್ದುಪಡಿಯಾಗುತ್ತಿದ್ದವು. ಸೋಮವಾರ ಪೋಷಕರಿಗೆ ಬರೆದ ಪತ್ರ ಶುಕ್ರವಾರ ಹಳತಾಗುವ ಸ್ಥಿತಿ. ಇಂತಹ ಹೊತ್ತಿನಲ್ಲಿ ಪೋಷಕರ ವಿಶ್ವಾಸ ಉಳಿಸಿಕೊಳ್ಳಲು ಮುಖ್ಯಶಿಕ್ಷಕರಿಗಿದ್ದ ದಾರಿ ಒಂದೇ: ತಿಳಿದಷ್ಟನ್ನು ಸರಳವಾಗಿ ಹೇಳುವುದು, ಬದಲಾದಾಗ ಬದಲಾಗಿದೆ ಎಂದು ಒಪ್ಪಿಕೊಳ್ಳುವುದು.

ಗೇಟಿನ ಹೊರಗಿನ ಸ್ವಾಗತ

ಹೊಸ ವ್ಯವಸ್ಥೆಯ ಕೇಂದ್ರ ಪದ ‘ಬಬಲ್’. ಒಂದು ಗುಂಪಿನ ಮಕ್ಕಳು ಮತ್ತೊಂದು ಗುಂಪಿನೊಂದಿಗೆ ಬೆರೆಯುವಂತಿಲ್ಲ. ಅವರ ಆಟ, ಊಟ, ಪಾಠ ಎಲ್ಲವೂ ಅದರೊಳಗೇ. ಒಬ್ಬರಿಗೆ ಸೋಂಕು ತಗುಲಿದರೆ ಅನೇಕ ಕಡೆ ಇಡೀ ಗುಂಪನ್ನೇ ಮನೆಗೆ ಕಳುಹಿಸಲಾಗುತ್ತಿತ್ತು. ಆರಂಭದಲ್ಲಿ 14 ದಿನಗಳಿದ್ದ ಈ ಪ್ರತ್ಯೇಕ ವಾಸವನ್ನು 2020ರ ಡಿಸೆಂಬರ್‌ನಲ್ಲಿ 10 ದಿನಕ್ಕೆ ಇಳಿಸಲಾಯಿತು. ಗುಂಪುಗಳ ಕಟ್ಟುಪಾಡು ಕೊನೆಗೊಂಡದ್ದು 2021ರ ಜುಲೈನಲ್ಲಿ.

ಮಕ್ಕಳನ್ನು ಬಿಡುವ ಹಾಗೂ ಕರೆದೊಯ್ಯುವ ವೇಳೆಯನ್ನು ಗುಂಪಿಗೊಂದರಂತೆ ಹಂಚಲಾಯಿತು. ನೆಲದ ಮೇಲೆ ಎರಡು ಮೀಟರ್ ಅಂತರದ ಗುರುತುಗಳು ಬಂದವು. ಮಗುವಿನೊಂದಿಗೆ ಒಬ್ಬರೇ ಬರಬೇಕು, ಮಾತಿಗೆ ನಿಲ್ಲಬಾರದು, ಕಚೇರಿಗೆ ಬರಬೇಕಿದ್ದರೆ ಮೊದಲೇ ಸಮಯ ಪಡೆಯಬೇಕು. ಕಾಗದದ ಮೇಲೆ ಇವು ಚಿಕ್ಕ ನಿಯಮಗಳು. ಆದರೆ ಪ್ರಾಥಮಿಕ ಶಾಲೆಯಲ್ಲಿ ಪೋಷಕರು ಮತ್ತು ಶಿಕ್ಷಕರ ನಡುವಿನ ಮುಕ್ಕಾಲು ಪಾಲು ಸಂಬಂಧ ಬೆಳೆಯುವುದು ಗೇಟಿನ ಬಳಿಯ ಆ ಎರಡು ನಿಮಿಷಗಳ ಮಾತಿನಲ್ಲೇ. ರಾತ್ರಿ ಮಗು ನಿದ್ದೆ ಮಾಡಲಿಲ್ಲ, ಅಜ್ಜ ಆಸ್ಪತ್ರೆಯಲ್ಲಿದ್ದಾರೆ, ತಂದೆಯ ಕೆಲಸ ಹೋಗಿದೆ ಎಂಬ ಸುದ್ದಿಗಳು ಶಾಲೆಗೆ ತಲುಪುವುದು ಪತ್ರದ ಮೂಲಕವಲ್ಲ, ಈ ಮಾತಿನ ಮೂಲಕ.

ಅದನ್ನು ಅರಿತ ಮುಖ್ಯಶಿಕ್ಷಕರು ಮಳೆಯಿರಲಿ ಚಳಿಯಿರಲಿ ಪ್ರತಿ ಬೆಳಿಗ್ಗೆ ಗೇಟಿನ ಬಳಿ ನಿಂತು ಮಕ್ಕಳನ್ನು ಹೆಸರು ಹಿಡಿದು ಕರೆಯುವುದನ್ನು ರೂಢಿ ಮಾಡಿಕೊಂಡರು. ಶಾಲೆ ತೆರೆಯುವ ಮುನ್ನವೇ ಮನೆಗಳಿಗೆ ದೂರವಾಣಿ ಕರೆ ಮಾಡುವುದು, ಬದಲಾದ ತರಗತಿ ಕೊಠಡಿಯ ವಿಡಿಯೊ ಕಳುಹಿಸುವುದು, ಹೊಸ ಶಿಕ್ಷಕಿಯ ಭಾವಚಿತ್ರವನ್ನು ಮೊದಲೇ ತೋರಿಸುವುದು ಇವೆಲ್ಲ ಸಾಮಾನ್ಯವಾದವು. 2020ರ ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿಗೆ ಶಾಲೆ ಸೇರಿದ ನಾಲ್ಕು ವರ್ಷದ ಮಕ್ಕಳ ಪೋಷಕರಿಗೆ ಇದು ವಿಶೇಷವಾಗಿ ಬೇಕಾಗಿತ್ತು. ಅವರಲ್ಲಿ ಎಷ್ಟೋ ಮಂದಿ ತಮ್ಮ ಮಗು ಕುಳಿತುಕೊಳ್ಳುವ ಕೊಠಡಿಯನ್ನು ಒಮ್ಮೆಯೂ ಕಂಡಿರಲಿಲ್ಲ.

ಕಿರಿಯ ಮಕ್ಕಳ ಸ್ಥಿತಿಯೂ ಸುಲಭದ್ದಾಗಿರಲಿಲ್ಲ. ಶಾಲಾ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ 2020ರ ನವೆಂಬರ್‌ನಲ್ಲಿ ನೀಡಿದ ವರದಿಯ ಪ್ರಕಾರ, ಚಾಕು-ಫೋರ್ಕ್ ಹಿಡಿದು ಉಣ್ಣುವುದನ್ನು ಮರೆತ ಮಕ್ಕಳಿದ್ದರು. ಶೌಚದ ಅಭ್ಯಾಸ ಕಲಿತ ನಂತರ ಮತ್ತೆ ಡೈಪರ್‌ಗೆ ಮರಳಿದ ಮಕ್ಕಳೂ ಇದ್ದರು. ತಂದೆತಾಯಿಗೆ ಮನೆಯಲ್ಲಿದ್ದು ನೋಡಿಕೊಳ್ಳುವ ಅನುಕೂಲವಿಲ್ಲದ ಮಕ್ಕಳಿಗೆ ಪೆಟ್ಟು ಹೆಚ್ಚಾಗಿ ಬಿದ್ದಿತ್ತು.

ಹಾಡಿಲ್ಲದ ಪ್ರಾರ್ಥನೆ, ಮುಂದೂಡಿದ ಹಬ್ಬ

ಸಾರ್ವಜನಿಕ ಆರಾಧನೆ ನಿಂತದ್ದರಿಂದ ಚರ್ಚ್‌ನ ಕೊಂಡಿಯೂ ಕಳಚಿತ್ತು. ಖಾಸಗಿ ಪ್ರಾರ್ಥನೆಗೆ 2020ರ ಜೂನ್ ಮಧ್ಯದಲ್ಲಿ, ಸಾಮೂಹಿಕ ಆರಾಧನೆಗೆ ಜುಲೈ 4ರಂದು ಮತ್ತೆ ಅನುಮತಿ ದೊರೆಯಿತು. ಆಗಲೂ ಭಕ್ತರ ಸಾಮೂಹಿಕ ಗಾಯನವಿಲ್ಲ, ಶಾಂತಿ ಸೂಚಕವಾಗಿ ಕೈಕುಲುಕುವಂತಿಲ್ಲ.

ಕ್ಯಾಥೊಲಿಕ್ ಮಗುವಿನ ಬಾಲ್ಯದಲ್ಲಿ ಪ್ರಥಮ ಪರಮಪ್ರಸಾದ ದೊಡ್ಡ ಹಬ್ಬ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮೂರನೇ ವರ್ಷದ, ಅಂದರೆ ಏಳೆಂಟು ವಯಸ್ಸಿನ ಮಕ್ಕಳಿಗೆ ಬೇಸಿಗೆಯ ಆರಂಭದಲ್ಲಿ ಇದು ನಡೆಯುತ್ತದೆ. ತಿಂಗಳುಗಟ್ಟಲೆ ಶಾಲೆ, ಮನೆ, ಧರ್ಮಕೇಂದ್ರ ಮೂರೂ ಸೇರಿ ಸಿದ್ಧತೆ ನಡೆಸುತ್ತವೆ. 2020ರಲ್ಲಿ ಬಿಳಿಯುಡುಪುಗಳು ಕಪಾಟಿನಲ್ಲೇ ಉಳಿದವು. ಅನೇಕ ಧರ್ಮಕೇಂದ್ರಗಳಲ್ಲಿ ಆ ವರ್ಷದ ಶರತ್ಕಾಲದಲ್ಲಿ ಅಥವಾ ಅದಕ್ಕೂ ನಂತರ, ಮಕ್ಕಳನ್ನು ಚಿಕ್ಕ ಗುಂಪುಗಳಾಗಿ ವಿಂಗಡಿಸಿ, ಕೆಲವೇ ಬಂಧುಗಳ ಎದುರು ಸಂಸ್ಕಾರ ನೆರವೇರಿಸಲಾಯಿತು. ಆರನೇ ವರ್ಷ ಮುಗಿಸಿ ಶಾಲೆ ಬಿಡುವ ಮಕ್ಕಳ ಬೀಳ್ಕೊಡುಗೆಯ ಬಲಿಪೂಜೆಯೂ ಎಂದಿನಂತೆ ನಡೆಯಲಿಲ್ಲ.

ನವೆಂಬರ್ ತಿಂಗಳು ಬಂದಾಗ ವಿಚಿತ್ರ ಸನ್ನಿವೇಶ ಉಂಟಾಯಿತು. ಕ್ಯಾಥೊಲಿಕ್ ಸಂಪ್ರದಾಯದಲ್ಲಿ ನವೆಂಬರ್ ಮೃತರ ಸ್ಮರಣೆಯ ತಿಂಗಳು. ಅಗಲಿದವರ ಹೆಸರುಗಳನ್ನು ಬರೆದು ಪ್ರಾರ್ಥಿಸುವುದು ರೂಢಿ. 2020ರಲ್ಲಿ ಆ ಹೆಸರುಗಳ ಪಟ್ಟಿ ಎಂದಿಗಿಂತ ಉದ್ದವಿತ್ತು. ವಸಂತದಲ್ಲಿ ತೀರಿಕೊಂಡ ಅನೇಕರ ಅಂತ್ಯಕ್ರಿಯೆಗೆ ಮೊಮ್ಮಕ್ಕಳು ಹೋಗಲಾಗಿರಲಿಲ್ಲ. ಆದರೆ ನವೆಂಬರ್ 5ರಿಂದ ಡಿಸೆಂಬರ್ 2ರವರೆಗಿನ ಎರಡನೇ ಲಾಕ್‌ಡೌನ್‌ನಲ್ಲಿ ಚರ್ಚ್‌ಗಳಲ್ಲಿ ಸಾರ್ವಜನಿಕ ಬಲಿಪೂಜೆ ಮತ್ತೆ ನಿಂತಿತು. ಶಾಲೆಗಳು ಮಾತ್ರ ತೆರೆದಿದ್ದವು. ಹೀಗಾಗಿ ತನ್ನ ಅಜ್ಜ ಅಥವಾ ಅಜ್ಜಿಗಾಗಿ ಇತರರೊಂದಿಗೆ ಸೇರಿ ಪ್ರಾರ್ಥಿಸಲು ಮಗುವಿಗೆ ಉಳಿದ ಜಾಗ ತರಗತಿಯ ಮೂಲೆಯ ಪ್ರಾರ್ಥನಾ ಮೇಜು ಮಾತ್ರ. ಚರ್ಚ್‌ಗಿಂತ ಮೊದಲು ಶಾಲೆ ಎಂದ 1852ರ ನಿಲುವು ಯಾರೂ ಊಹಿಸದ ರೀತಿಯಲ್ಲಿ ನಿಜವಾಗಿತ್ತು.

ನರ್ಸ್‌ಗಳ ಮನೆಯ ಅಳುಕು

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಎರಡು ದಶಕಗಳಿಂದ ಭಾರತೀಯ ನರ್ಸ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ನೇಮಿಸಿಕೊಂಡಿದೆ. ಅವರಲ್ಲಿ ಕೇರಳದ ಕ್ರೈಸ್ತರು ಹೆಚ್ಚು. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ಯಾಥೊಲಿಕರೂ ಇದ್ದಾರೆ. ಕೇರಳ ಮೂಲದ ಸಿರೋ-ಮಲಬಾರ್ ಸಭೆಗೆ 2016ರಲ್ಲಿ ಪ್ರೆಸ್ಟನ್ ಕೇಂದ್ರವಾಗಿ ಪ್ರತ್ಯೇಕ ಧರ್ಮಪ್ರಾಂತ್ಯವೇ ರಚನೆಯಾಗಿರುವುದು ಈ ವಲಸೆಯ ಗಾತ್ರಕ್ಕೆ ಸಾಕ್ಷಿ. ಊರಿನಲ್ಲಿ ಪರಿಚಿತವಾಗಿದ್ದ ಚರ್ಚ್ ಮತ್ತು ಶಾಲೆಯ ಜೋಡಿಯನ್ನು ಪರದೇಶದಲ್ಲೂ ಹುಡುಕಿಕೊಂಡ ಈ ಕುಟುಂಬಗಳಿಗೆ ಕ್ಯಾಥೊಲಿಕ್ ಶಾಲೆ ಸಹಜ ಆಯ್ಕೆಯಾಗಿತ್ತು.

ಸಾಂಕ್ರಾಮಿಕ ಇವರನ್ನು ಇಬ್ಬಂದಿಗೆ ಸಿಲುಕಿಸಿತು. ಅಗತ್ಯ ಸೇವೆಯವರಾದ್ದರಿಂದ ಇವರ ಮಕ್ಕಳಿಗೆ ಶಾಲೆ ಎಂದೂ ಮುಚ್ಚಿರಲಿಲ್ಲ. ಆದರೆ ಸೋಂಕಿನ ಭಯವೂ ಇವರಿಗೇ ಹೆಚ್ಚು. ಆರಂಭದ ವಾರಗಳಲ್ಲಿ ಮೃತರಾದ ವೈದ್ಯರಲ್ಲಿ ಹೆಚ್ಚಿನವರು ಏಷ್ಯಾ, ಆಫ್ರಿಕಾ ಮೂಲದವರಾಗಿದ್ದರು. 2020ರ ಜೂನ್ 2ರಂದು, ಅಂದರೆ ಶಾಲೆಗಳು ತೆರೆಯಲಾರಂಭಿಸಿದ ಮರುದಿನ, ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಪ್ರಕಟಿಸಿದ ವರದಿ ಈ ಆತಂಕಕ್ಕೆ ಅಂಕಿಗಳ ಆಧಾರ ಒದಗಿಸಿತು. ಬಿಳಿಯ ಬ್ರಿಟಿಷರಿಗೆ ಹೋಲಿಸಿದರೆ ಬಾಂಗ್ಲಾದೇಶ ಮೂಲದವರಲ್ಲಿ ಸಾವಿನ ಅಪಾಯ ಸುಮಾರು ಎರಡು ಪಟ್ಟು; ಭಾರತೀಯರು, ಪಾಕಿಸ್ತಾನಿಯರು, ಕೆರಿಬಿಯನ್ನರು ಮುಂತಾದವರಲ್ಲಿ ಶೇ 10ರಿಂದ 50ರಷ್ಟು ಹೆಚ್ಚು ಎಂದು ಅದು ತಿಳಿಸಿತು.

ಅಜ್ಜ-ಅಜ್ಜಿಯರೊಂದಿಗೆ ಒಂದೇ ಸೂರಿನಡಿ ಬಾಳುವ ಕುಟುಂಬಕ್ಕೆ ‘ಮಕ್ಕಳಿಗೆ ಅಪಾಯ ಕಡಿಮೆ’ ಎಂಬ ಮಾತು ಪೂರ್ಣ ಸಮಾಧಾನ ನೀಡಲಾರದು. ಅವರ ಪ್ರಶ್ನೆ ಮಗು ಮನೆಗೆ ಏನನ್ನು ತರುತ್ತದೆ ಎಂಬುದು. ಇಂತಹ ಪೋಷಕರನ್ನು ನಿರ್ಲಕ್ಷ್ಯದವರೆಂದು ಬಗೆದ ಕಡೆ ದೂರ ಹೆಚ್ಚಿತು. ಮನೆಯಲ್ಲಿ ಯಾರಿದ್ದಾರೆ, ಯಾವುದಕ್ಕೆ ಅಂಜುತ್ತಿದ್ದೀರಿ ಎಂದು ಕೇಳಿದ ಕಡೆ ದಾರಿ ತೆರೆಯಿತು.

ಊಟದ ಪ್ರಶ್ನೆ

ಇಂಗ್ಲೆಂಡಿನಲ್ಲೂ ಶಾಲೆಯ ಊಟವನ್ನು ನಂಬಿಕೊಂಡ ಮನೆಗಳಿವೆ. ಮೊದಲ ಮೂರು ತರಗತಿಗಳ ಎಲ್ಲ ಮಕ್ಕಳಿಗೂ 2014ರಿಂದ ಮಧ್ಯಾಹ್ನದ ಊಟ ಉಚಿತ; ಅದಕ್ಕಿಂತ ಮೇಲಿನವರಲ್ಲಿ ಬಡ ಕುಟುಂಬದ ಮಕ್ಕಳಿಗೆ ಉಚಿತ. ಶಾಲೆ ಮುಚ್ಚಿದಾಗ ಬಡ ಕುಟುಂಬಗಳಿಗೆ ಮಗುವೊಂದಕ್ಕೆ ವಾರಕ್ಕೆ 15 ಪೌಂಡ್ ಮೌಲ್ಯದ ವೋಚರ್ ನೀಡುವ ಯೋಜನೆ ಬಂತು. ಬೇಸಿಗೆ ರಜೆಯಲ್ಲಿ ಅದನ್ನು ನಿಲ್ಲಿಸಲು ಹೊರಟ ಸರ್ಕಾರ, ಫುಟ್‌ಬಾಲ್ ಆಟಗಾರ ಮಾರ್ಕಸ್ ರ್‍ಯಾಶ್‌ಫರ್ಡ್ ನಡೆಸಿದ ಅಭಿಯಾನಕ್ಕೆ ಮಣಿದು 2020ರ ಜೂನ್ 16ರಂದು ನಿಲುವು ಬದಲಿಸಿತು.

ಬಡ ಬಡಾವಣೆಗಳ ಶಾಲೆಗಳಲ್ಲಿ ಶಿಕ್ಷಕರು ದಿನಸಿ ಪೊಟ್ಟಣ ಹಿಡಿದು ಮನೆಮನೆಗೆ ಹೋದರು. ಇದರಿಂದ ಆದ ಲಾಭ ಊಟಕ್ಕೆ ಸೀಮಿತವಾಗಿರಲಿಲ್ಲ. ಬಾಗಿಲ ಬಳಿ ನಿಂತು ಮಗುವಿನ ಮುಖ ನೋಡಿದ ಶಿಕ್ಷಕರಿಗೆ ಆ ಮನೆಯ ಪರಿಸ್ಥಿತಿ ತಿಳಿಯಿತು. ಮುಂದೆ ಗೇಟು ತೆರೆದಾಗ ಆ ಕುಟುಂಬಕ್ಕೆ ಶಾಲೆ ಅಪರಿಚಿತವಾಗಿರಲಿಲ್ಲ.

ಮರಳದೇ ಉಳಿದವರು

ಕಲಿಕೆಯ ನಷ್ಟವನ್ನು ಅಳೆದ ಅಧ್ಯಯನಗಳಲ್ಲಿ ಪ್ರಮುಖವಾದುದು 2021ರ ಜನವರಿಯಲ್ಲಿ ಪ್ರಕಟವಾಯಿತು. 2020ರ ಶರತ್ಕಾಲದಲ್ಲಿ ಎರಡನೇ ವರ್ಷದ ಮಕ್ಕಳು ಓದು ಮತ್ತು ಗಣಿತದಲ್ಲಿ 2017ರ ಮಕ್ಕಳಿಗಿಂತ ಸುಮಾರು ಎರಡು ತಿಂಗಳು ಹಿಂದುಳಿದಿದ್ದರು. ಬಡ ಮಕ್ಕಳು ಮತ್ತು ಉಳಿದವರ ನಡುವಿನ ಅಂತರ ಏಳು ತಿಂಗಳಷ್ಟಿತ್ತು. ಪರಿಹಾರ ಸೂಚಿಸಲು ಸರ್ಕಾರ ನೇಮಿಸಿದ್ದ ಸರ್ ಕೆವನ್ ಕಾಲಿನ್ಸ್, ಒದಗಿಸಿದ ಹಣ ಏನೇನೂ ಸಾಲದೆಂದು 2021ರ ಜೂನ್‌ನಲ್ಲಿ ರಾಜೀನಾಮೆ ನೀಡಿದರು.

ಅದಕ್ಕಿಂತ ಗಂಭೀರವಾದುದು ಹಾಜರಾತಿ. ಶೇ 10 ಅಥವಾ ಅದಕ್ಕಿಂತ ಹೆಚ್ಚು ಪಾಠದ ಅವಧಿಗಳಿಗೆ ಗೈರಾಗುವ ಮಕ್ಕಳನ್ನು ಅಲ್ಲಿ ‘ನಿರಂತರ ಗೈರು’ ಎಂದು ಗುರುತಿಸುತ್ತಾರೆ. ಇಂಗ್ಲೆಂಡಿನ ಒಟ್ಟು ಶಾಲೆಗಳಲ್ಲಿ 2018-19ರಲ್ಲಿ ಶೇ 10.9ರಷ್ಟಿದ್ದ ಅಂತಹ ಮಕ್ಕಳ ಪ್ರಮಾಣ 2021-22ರಲ್ಲಿ ಶೇ 22.5ಕ್ಕೆ ಏರಿತು. ಸೋಂಕಿನಿಂದಾದ ಗೈರುಹಾಜರಿಯೂ ಇದರಲ್ಲಿ ಸೇರಿದೆ ಎಂಬುದು ನಿಜ. ಆದರೆ ನಂತರದ ವರ್ಷಗಳಲ್ಲೂ ಪ್ರಮಾಣ ಹಳೆಯ ಮಟ್ಟಕ್ಕೆ ಇಳಿಯಲಿಲ್ಲ. ಪ್ರತಿದಿನ ಶಾಲೆಗೆ ಹೋಗುವುದು ಪ್ರಶ್ನಾತೀತ ಎಂಬ ಭಾವನೆ ಒಮ್ಮೆ ಸಡಿಲಗೊಂಡರೆ ದಂಡದಿಂದ ಅದನ್ನು ಮರಳಿ ಬಿಗಿಗೊಳಿಸುವುದು ಕಷ್ಟ ಎಂಬುದಕ್ಕೆ ಈ ಅಂಕಿಗಳೇ ನಿದರ್ಶನ.

ಕರ್ನಾಟಕಕ್ಕೆ ಇದರಲ್ಲೇನಿದೆ?

ಕರ್ನಾಟಕದಲ್ಲಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿಗಳು ಭೌತಿಕವಾಗಿ ಆರಂಭವಾದದ್ದು 2021ರ ಅಕ್ಟೋಬರ್ 25ರಂದು. ಸುಮಾರು 19 ತಿಂಗಳು. ನಡುವೆ ‘ವಿದ್ಯಾಗಮ’ದಂತಹ ಪ್ರಯತ್ನಗಳು ನಡೆದರೂ ಕಿರಿಯ ಮಕ್ಕಳಿಗೆ ನಿತ್ಯದ ಶಾಲೆ ಇರಲಿಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಮಕ್ಕಳ ಬಗ್ಗೆ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಶೇ 92ರಷ್ಟು ಮಕ್ಕಳು ಹಿಂದೆ ಕಲಿತಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನೂ ಶೇ 82ರಷ್ಟು ಮಕ್ಕಳು ಕನಿಷ್ಠ ಒಂದು ಗಣಿತ ಸಾಮರ್ಥ್ಯವನ್ನೂ ಕಳೆದುಕೊಂಡಿದ್ದರು.

ಎರಡೂ ಕಡೆಯ ಪರಿಸ್ಥಿತಿಗಳನ್ನು ನೇರವಾಗಿ ಹೋಲಿಸಲಾಗದು. ಅಲ್ಲಿನ ಹಣಬಲ, ಆರೋಗ್ಯ ವ್ಯವಸ್ಥೆ ಇಲ್ಲಿಲ್ಲ. ಆದರೆ ಹಣವಿಲ್ಲದೆಯೂ ಅನುಸರಿಸಬಹುದಾದ ಎರಡು ಸಂಗತಿಗಳು ಆ ಅನುಭವದಲ್ಲಿವೆ. ಮೊದಲನೆಯದು, ಕೆಲವೇ ಮಕ್ಕಳಿಗಾದರೂ ಶಾಲೆಯನ್ನು ಜೀವಂತವಾಗಿಡುವುದು. ಎರಡನೆಯದು, ಮುಚ್ಚಿದ ಕಾಲದಲ್ಲೂ ಮನೆಗಳೊಂದಿಗೆ ಮಾತು ನಿಲ್ಲಿಸದಿರುವುದು. ಇಲ್ಲಿ ಮಗು ಶಾಲೆಗೆ ಮರಳಲು ಪೋಷಕರ ಒಪ್ಪಿಗೆ ಪತ್ರ ಕೇಳಲಾಯಿತು. ಸಹಿ ಪಡೆಯುವುದು ಒಂದು ದಿನದ ಕೆಲಸ. ಆ ಸಹಿಯ ಹಿಂದಿರುವ ಅಂಜಿಕೆಯನ್ನು ಕೇಳಿಸಿಕೊಳ್ಳಲು ಹೆಚ್ಚು ಸಮಯ ಬೇಕು. ಆ ಸಮಯ ಕೊಟ್ಟ ಶಾಲೆಗಳಿಗೆ ಮಾತ್ರ ಕುಟುಂಬಗಳು ನಿಜವಾಗಿ ಮರಳುತ್ತವೆ.